ಹಾಡಿಗೆ ಮುಂಚಿನ ಉಸಿರು

ಗಾಂಧಿ ಚೌಕದ ಹಿಂದಿನ ನಮ್ಮ ಓಣಿಯ ಸಂಗೀತ ಮಾಸ್ತರರು ಯಾವ ಹಾಡು ಕೇಳಿದರೂ ಬೆರಳೆತ್ತಿ, “ಉಸರು ಕೇಳಬೇಕ್ರಿ” ಅನ್ನುತ್ತಿದ್ದರು. ಹೊಸ ಸ್ಪೀಕರಿಗೆ ದನಿಯ ಸಣ್ಣ ಎಳೆಯೂ ಕಳೆಯದಂತೆ ಹಾಡು ಕೇಳಿಸುವ ಆ್ಯಪ್ ಆರಿಸಲು ಒಂದು ಸಂಜೆ ನನ್ನನ್ನು ಕರೆದರು. ಪರೀಕ್ಷೆಗೆ ಅವರು ಹುಡುಕಿದ್ದು ಹೆಂಡತಿ ಹಿಂದೆ ಹಾಡಿ, ಧ್ವನಿಮುದ್ರಿಕೆಯಾಗಿ ಬಂದಿದ್ದ ವಚನ. ಗಂಟಲಿನ ಆಪರೇಷನ್ನಿನಲ್ಲಿ, ನಾವೆಲ್ಲ ಅಕ್ಕ ಎನ್ನುತ್ತಿದ್ದ ಆಕೆಯ ದನಿ ಹೋದ ಮೇಲೆ ಅದನ್ನು ಆ ಮನೆಯಲ್ಲಿ ಯಾರೂ ಹಚ್ಚಿರಲಿಲ್ಲ.

“ಬ್ಯಾಡ್ರಿ ಮಾಸ್ತರ್ರ, ಅಕ್ಕಾರು ಒಳಗದಾರ,” ಅಂದೆ.

“ಆಕಿ ದನಿ ಇನ್ನ ಬರೂದಿಲ್ರಿ. ಇದ್ದದ್ದನ್ನರೆ ಪೂರಾ ಕೇಳೂಣು.”

ಮೊದಲ ಆ್ಯಪಿನಲ್ಲಿ ಬರೀ ಹಾಡು ಬಂತು. ಎರಡನೆಯದರಲ್ಲಿ ಹಾಡಿಗೆ ಮುಂಚೆ ಆಕೆ ಎಳೆದುಕೊಂಡ ಉಸಿರೂ ಕೇಳಿಸಿತು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಮಾಸ್ತರರು ಗಾಬರಿಯಾಗಿ ಬಂದ್ ಮಾಡಲು ಕೈಚಾಚಿದರು. ಹೊರಗೆ ಬಂದ ಅಕ್ಕ ಹಿಟ್ಟಿನ ಕೈಯಿಂದ ಅವರ ಮಣಿಕಟ್ಟು ಹಿಡಿದು ಅಲ್ಲೇ ಕೂತರು. ಹಾಡು ಮುಗಿದಾಗ ಅದನ್ನು ಮತ್ತೆ ಹಚ್ಚಿದ್ದು ಅಕ್ಕನೇ.