ದೊಡ್ಡವ್ವನ ಪೆಟ್ಟಿಗೆ ತೆಲುಗು ಮಾತಾಡಿದ ದಿನ

ಗಂಟಲಿನ ಆಪರೇಷನ್ ಆದ ಮೇಲೆ ದೊಡ್ಡವ್ವನ ದನಿ ಹೋಯಿತು. ನನ್ನನ್ನು ಸಾಕಿದವಳು ಅವಳೇ. ಓದು ಬರಹ ಬಾರದವಳಿಗೆ ಫೋನಿನಲ್ಲಿ ಟೈಪ್ ಮಾಡು ಅನ್ನುವುದು ಹೇಗೆ? ತೆಲಂಗಾಣದ ನಾರಾಯಣಪೇಟೆಯಲ್ಲಿ ನನ್ನದು ಟಿವಿ ರಿಪೇರಿ ಅಂಗಡಿ. ಗುಜರಿಯಲ್ಲಿ ಸಿಕ್ಕ, ಹಳೆಯ ಕಾಲದ ಮಾತಾಡುವ ಕಂಪ್ಯೂಟರ್ ಪೆಟ್ಟಿಗೆಯೊಂದು ನನ್ನ ಬಳಿ ಇತ್ತು. ಅದಕ್ಕೆ ದೊಡ್ಡ ಗುಂಡಿಗಳನ್ನು ಜೋಡಿಸಿದೆ. ಒಂದೊಂದು ಗುಂಡಿಗೆ ಒಂದೊಂದು ಮಾತು.

ಅದು ಇಂಗ್ಲಿಷಿಗೆಂದು ಮಾಡಿದ್ದು. ಸಣ್ಣ ಸಣ್ಣ ಸದ್ದುಗಳನ್ನು ಪೋಣಿಸಿ ಮಾತು ಕಟ್ಟಬೇಕು. ಳಕಾರ ಅದರ ಹೊಟ್ಟೆಯಲ್ಲಿ ಇಲ್ಲವೇ ಇಲ್ಲ. ‘ಒಳಗ ಬರ್ರಿ, ಕುಂದರ್ರಿ’ ಎನ್ನಿಸಲು ಇಬ್ಬರೂ ವಾರಗಟ್ಟಲೆ ಒದ್ದಾಡಿದೆವು. ದೊಡ್ಡವ್ವ ದನಿಯಿಲ್ಲದೆ ಬಾಯಾಡಿಸಿ ತೋರಿಸುವಳು, ನಾನು ಸದ್ದು ಬದಲಿಸುವೆ, ಅವಳು ಅಲ್ಲ ಎಂದು ತಲೆಯಾಡಿಸುವಳು. ಕೊನೆಗೊಂದು ದಿನ ಸರಿ ಬಂತು. ಮೂಗು ಕಟ್ಟಿದ ಗಂಡಸಿನ ದನಿ, ಆದರೆ ಮಾತು ಅವಳದೇ. ಮಕ್ತಲ್‌ನಿಂದ ಬಂದ ನೆಂಟರಿಗೆಲ್ಲ ಕರೆಕರೆದು ಕೇಳಿಸಿದಳು.

ಆಮೇಲೆ ನನ್ನ ಮಗಳನ್ನು ನೋಡಲು ಗದ್ವಾಲ್‌ನಿಂದ ಗಂಡಿನ ಕಡೆಯವರು ಬರುವುದಾಯಿತು. ನಮ್ಮ ಮನೆಯಲ್ಲಿ ಅಡುಗೆಮನೆಗೆ ಕನ್ನಡ, ಪಡಸಾಲೆಗೆ ತೆಲುಗು. ಹೊರಗಿನವರು ಬಂದರೆ ನಾಲಗೆ ತಾನೇ ಮಗ್ಗುಲು ಬದಲಿಸುತ್ತದೆ. ಹಿತ್ತಲ ಗಿಡ ಮದ್ದಲ್ಲ ನೋಡಿ. ಅವತ್ತು ಬೆಳಿಗ್ಗೆ, ದೊಡ್ಡವ್ವನನ್ನು ಒಂದು ಮಾತು ಕೇಳದೆ, ಮೊದಲ ಗುಂಡಿಯ ‘ಒಳಗ ಬರ್ರಿ’ ತೆಗೆದು ತೆಲುಗು ತುಂಬಿದೆ.

ಅವರು ಬಂದರು. ದೊಡ್ಡವ್ವ ನಗುತ್ತ ಗುಂಡಿ ಒತ್ತಿದಳು. ‘ಅಂದರೂ ಬಾಗುನ್ನಾರಾ?’ ಎಂದು ಪೆಟ್ಟಿಗೆ ತೆಲುಗಿನಲ್ಲಿ ಎಲ್ಲರ ಕ್ಷೇಮ ಕೇಳಿತು. ಅವಳು ನನ್ನ ಕಡೆ ನೋಡಿದಳು. ತಾನೇ ತಪ್ಪು ಒತ್ತಿದೆನೇನೋ ಎಂದು ಮತ್ತೊಮ್ಮೆ ಒತ್ತಿದಳು. ಮತ್ತೆ ಅದೇ.

ಗಂಡಿನ ಅಜ್ಜಿ ಹತ್ತಿರ ಬಂದು ಅವಳ ಕೈ ಹಿಡಿದರು. ‘ಅರಾಮ ಅದೀವ್ರಿ ಅಕ್ಕಾ. ನಮ್ಮ ಮನ್ಯಾಗೂ ಕನ್ನಡನ ಐತ್ರಿ. ನೀವು ಬಿಟ್ಟೀರೇನ್ರಿ?’

ದೊಡ್ಡವ್ವನ ತುಟಿ ಅಲುಗಿತು. ಏನೆಂದಳೋ ಆ ಅಜ್ಜಿಗೆ ತಿಳಿಯಲಿಲ್ಲ. ವಾರಗಟ್ಟಲೆ ಆ ಬಾಯನ್ನೇ ನೋಡಿದ ನನಗೆ ತಿಳಿಯಿತು: ‘ಬಿಟ್ಟಿಲ್ಲ.’ ಅದನ್ನು ಗಟ್ಟಿಯಾಗಿ ಹೇಳಬೇಕಾದವನು ನಾನು. ಮುಖ ಹುಳ್ಳಗೆ ಮಾಡಿಕೊಂಡು, ಚಹಾ ತರುವ ನೆಪದಲ್ಲಿ ಎದ್ದುಹೋದೆ.

ಸಂಬಂಧವೇನೋ ಕುದುರಿತು. ಅದರ ಖುಷಿ ನನಗೆ ದಕ್ಕಲಿಲ್ಲ. ನಾಚಿಕೆಯಿಂದ ದೊಡ್ಡವ್ವನ ಮುಖ ನೋಡುವುದೂ ಆಗಲಿಲ್ಲ. ಅವರು ಹೊರಟ ಕೂಡಲೇ ಪೆಟ್ಟಿಗೆಗೆ ಮತ್ತೆ ಕನ್ನಡ ತುಂಬಿ, ಅವಳ ಮುಂದಿಟ್ಟು, ನಾನೇ ಗುಂಡಿ ಒತ್ತಿದೆ. ಅದು ಮಾತು ಮುಗಿಸುವ ಮೊದಲೇ ದೊಡ್ಡವ್ವ ಸ್ಪೀಕರಿನ ಮೇಲೆ ಅಂಗೈ ಒತ್ತಿ ಹಿಡಿದಳು.