ನೋವಿಗೆ ನಾಲ್ಕೇ ಅಂಕ

"ಸೊನ್ನೆ ಅಂದರೆ ನೋವೇ ಇಲ್ಲ. ಹತ್ತು ಅಂದರೆ ತಡೆಯಲಾರದ ನೋವು. ನಿನ್ನ ನೋವಿಗೆ ಎಷ್ಟು ಕೊಡ್ತೀಯ?"

ನರ್ಸ್ ಕೇಳಿದ್ದು ಇಷ್ಟೇ. ನನ್ನ ಪಕ್ಕದಲ್ಲಿ ಹೊಟ್ಟೆ ಹಿಡಿದು ಬಗ್ಗಿ ಕೂತಿದ್ದ ಶಬಾನಾ ಕ್ಷಣಕಾಲ ಯೋಚಿಸಿ "ನಾಲ್ಕು" ಅಂದಳು. ನರ್ಸ್ ಬರೆದುಕೊಂಡಳು.

ಹನ್ನೆರಡು ದಿನವಾಯಿತು. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಲೈಬ್ರರಿಯಲ್ಲಿ ಪುಸ್ತಕ ತೆರೆದು ಕೂತಾಗ ಆ "ನಾಲ್ಕು" ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. (ಕಳೆದ ವಾರ ಅಂಕಣ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ ಉತ್ತರವೂ ಇದೇ.)

ಶಬಾನಾ ಹುಬ್ಬಳ್ಳಿ ಹುಡುಗಿ. ಶೆಫೀಲ್ಡಿನಲ್ಲಿ ಎಂಜಿನಿಯರಿಂಗ್ ಎಂ.ಎಸ್ಸಿ. ಓದಲು ಬಂದು ಐದು ತಿಂಗಳು. ನಾವಿಬ್ಬರೂ ಒಂದೇ ಬಾಡಿಗೆ ಮನೆಯಲ್ಲಿದ್ದೇವೆ. ನಾನು ಬಂದು ಮೂರು ವರ್ಷವಾಗಿರುವುದರಿಂದ ಅವಳಿಗೆ ನಾನು ಅಕ್ಕ, ಗೈಡು, ಅಡುಗೆಯವಳು, ಎಲ್ಲವೂ.

ಗುರುವಾರ ಸಂಜೆ ಅವಳ ಹೊಕ್ಕುಳ ಸುತ್ತ ನೋವು ಶುರುವಾಯಿತು. ತಪ್ಪು ನನ್ನ ಸಾರಿನದೇ ಎಂದು ತೀರ್ಪು ಬಂತು.

"ಸಾರಿಗೆ ಬೆಲ್ಲಾ ಹಾಕೂದು ನಿಮ್ಮ ಮೈಸೂರು ಮಂದಿ ಅಷ್ಟ ನೋಡ್ರೀ. ಹೊಟ್ಟಿ ಸಿಟ್ಟಿಗೆದ್ದದ."

"ಮೂರು ಲೋಟ ಕುಡಿಯೋವಾಗ ಗೊತ್ತಾಗ್ಲಿಲ್ವೇನೇ?" ಅಂದೆ. ನಕ್ಕೆವು. ಊರಿಂದ ಬರುವಾಗ ಉಪ್ಪಿನಕಾಯಿ ಪಕ್ಕದಲ್ಲೇ ಇಟ್ಟು ತಂದ ಮಾತ್ರೆ ಡಬ್ಬ ತೆಗೆದೆ. (ನೀವೂ ತಂದಿದ್ದೀರಿ, ಗೊತ್ತು.) ಗ್ಯಾಸಿಗೊಂದು, ನೋವಿಗೊಂದು ಕೊಟ್ಟೆ. ಶುಕ್ರವಾರ ಮತ್ತೆ ನೋವಿಗೊಂದು, ಸಂಜೆ ಇನ್ನೊಂದು.

ಶುಕ್ರವಾರವೇ ಜಿ.ಪಿ. ಹತ್ತಿರ ಹೋಗಬಹುದಿತ್ತಲ್ಲ? ಜಿ.ಪಿ. ಅಂದರೆ ಇಲ್ಲಿ ನಮ್ಮ ಬೀದಿಗೆ ಗೊತ್ತುಮಾಡಿದ ಡಾಕ್ಟರು. ಕಂಡ ಕಂಡ ಕ್ಲಿನಿಕ್ಕಿಗೆ ನುಗ್ಗಿ ಟೋಕನ್ ತೆಗೆದುಕೊಂಡು ಕೂರುವ ಪದ್ಧತಿ ಇಲ್ಲ. ಗಟ್ಟಿಮುಟ್ಟಾಗಿದ್ದಾಗಲೇ ಹೋಗಿ ಹೆಸರು ಬರೆಸಿಕೊಂಡಿರಬೇಕು. ಬಂದ ವಾರವೇ ಅವಳಿಗೆ ಫಾರಂ ತಂದುಕೊಟ್ಟಿದ್ದೆ.

"ಜಡ್ಡಿಲ್ಲದಾಕಿ ಡಾಕ್ಟರ್ ಬಾಗಲಾ ಯಾಕ ಬಡೀಬೇಕ್ರೀ ಅಕ್ಕಾ? ಸುಮ್ನ ಜಡ್ಡು ಕರದಂಗ ಆಗ್ತದ" ಅಂದಿದ್ದಳು. ನನಗೂ ಅದು ತೀರಾ ತಪ್ಪೆನಿಸಿರಲಿಲ್ಲ. ಫಾರಂ ಫ್ರಿಜ್ ಬಾಗಿಲಿನ ಮೇಲೆಯೇ ಉಳಿಯಿತು.

ಶನಿವಾರ ಬೆಳಿಗ್ಗೆ ನೋವು ಹೊಟ್ಟೆಯ ಬಲಗಡೆ ಕೆಳಗೆ ಇಳಿದಿತ್ತು. ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ. ಎರಡು ಸಲ ವಾಂತಿ. ಆಂಬುಲೆನ್ಸ್ ಕರೆಯಲೇ ಎಂದರೆ, "ಹೆಣಾ ಹೊರೂ ಗಾಡಿ ನನಗ್ಯಾಕ್ರೀ?" ಎಂದು ಬೈದಳು. ಬಸ್ಸಿನಲ್ಲಿ ಹೋದೆವು. ಹೌದು, ಬಸ್ಸಿನಲ್ಲಿ. ಒಂದೊಂದು ಸ್ಟಾಪಿನಲ್ಲೂ ಬಸ್ಸು ಬ್ರೇಕು ಹಾಕಿದಾಗ ಅವಳು ಮುಂದಿನ ಸೀಟಿನ ಕಂಬಿಯನ್ನು ಹಿಡಿಯುತ್ತಿದ್ದ ಪರಿ ನೆನೆದರೆ ಈಗಲೂ ಬೆವರುತ್ತೇನೆ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಬೇಗನೇ ಕರೆದಳು. ನಾನು ಶುರು ಮಾಡಿದೆ: ಗುರುವಾರ ಸಂಜೆಯಿಂದ ನೋವು, ಎರಡು ಸಲ ವಾಂತಿ...

"ದಯವಿಟ್ಟು ಅವಳೇ ಹೇಳಲಿ" ಅಂದಳು ನರ್ಸ್, ನಗುತ್ತಲೇ.

ನನಗೆ ಕಪಾಳಕ್ಕೆ ಹೊಡೆದಂತಾಯಿತು. ನಮ್ಮಲ್ಲಿ ಕಾಯಿಲೆಯವರು ಯಾವಾಗ ಮಾತಾಡಿದ್ದಾರೆ ಹೇಳಿ? ಜೊತೆಗೆ ಬಂದ ಅಮ್ಮ, ಅತ್ತೆ, ಪಕ್ಕದ ಮನೆಯವರು ಮಾತಾಡುತ್ತಾರೆ. ರೋಗಿ ನಾಲಿಗೆ ತೋರಿಸಿದರೆ ಸಾಕು. ನಾವು ಎರಡು ಪಟ್ಟು ಹೇಳುತ್ತೇವೆ, ಡಾಕ್ಟರು ಅರ್ಧ ನಂಬುತ್ತಾರೆ, ಲೆಕ್ಕ ಸರಿಹೋಗುತ್ತದೆ. ಇಲ್ಲಿ ಆ ಚೌಕಾಸಿಯೇ ಇಲ್ಲ. ನಾನು ಮುಖ ಊದಿಸಿಕೊಂಡು ಬಾಯಿ ಮುಚ್ಚಿ ಕೂತೆ. ಅವಳು ನಾಲ್ಕು ಅಂದಾಗಲೂ ಮುಚ್ಚಿಕೊಂಡೇ ಕೂತಿದ್ದೆ. ಮಾತ್ರೆಗಳ ವಿಷಯವನ್ನೂ ಹೇಳಲಿಲ್ಲ.

ಹೊರಗಿನ ಕುರ್ಚಿಗಳಲ್ಲಿ ಕಾದೆವು. ಒಂದು ಗಂಟೆ. ಎರಡು ಗಂಟೆ. ನಮ್ಮ ನಂತರ ಬಂದವನೊಬ್ಬ ಎದೆ ಒತ್ತಿಕೊಂಡು ನೇರ ಒಳಗೆ ಹೋದ. ನನ್ನ ತಲೆಯಲ್ಲಿ ಏನು ಓಡುತ್ತಿತ್ತು ಗೊತ್ತೇ? ನಮ್ಮ ಬಣ್ಣ ನೋಡಿ ಕೂರಿಸಿದ್ದಾರೆ ಅಂತ. (ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.)

ಆಗ ಶಬಾನಾ ತಲೆ ಎತ್ತಿದಳು. "ಅಕ್ಕಾ, ನೋವು ಹೋತು! ಒಮ್ಮೆಲೇ ಹೋತು ನೋಡ್ರೀ. ನಡೀರಿ, ಮನಿಗೆ ಹೋಗೂಣು."

ನನಗೆಷ್ಟು ಖುಷಿಯಾಯಿತು! ಅವಳಿಗೆ ಕೋಟು ಹಾಕಿದೆ, ಗುಂಡಿಯನ್ನೂ ನಾನೇ ಹಾಕಿದೆ. ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು. ಹೋಗುತ್ತೇವೆಂದು ಒಂದು ಮಾತು ಹೇಳಿಬಿಡೋಣ ಎಂದು ಕೌಂಟರಿಗೆ ಹೋದೆ. ಅದಕ್ಕೆ ಕಾರಣ ಬುದ್ಧಿಯಲ್ಲ, ಸಿಟ್ಟು. ನಿಮ್ಮ ಉಪಕಾರವೇನೂ ಬೇಕಿಲ್ಲ ಎಂದು ತೋರಿಸಬೇಕಿತ್ತು, ಅಷ್ಟೇ.

"ಒಂದು ನಿಮಿಷ, ಲವ್. ನರ್ಸಿಗೆ ಹೇಳದೆ ಯಾರನ್ನೂ ಕಳಿಸೋ ಹಾಗಿಲ್ಲ" ಅಂದಳು ಕೌಂಟರಿನ ಹೆಂಗಸು. ಇಲ್ಲಿ ಎಲ್ಲರೂ ಎಲ್ಲರಿಗೂ ಲವ್ವೇ.

ನರ್ಸ್ ಬಂದಳು. "ನೋವು ಹೋಯಿತಾ? ನಿಧಾನಕ್ಕೋ, ಒಮ್ಮೆಲೇಯೋ?"

"ಒಮ್ಮೆಲೇ" ಅಂದಳು ಶಬಾನಾ.

ನರ್ಸಿನ ನಗು ಮಾಯವಾಯಿತು. "ನೋವು ಹೋಗುವ ಮೊದಲು ಎಷ್ಟಿತ್ತು? ನಿಜ ಹೇಳು."

ಶಬಾನಾ ನನ್ನ ಮುಖ ನೋಡಿದಳು. ಈ ಸಲ ನಾನು ಬಾಯಿ ಮುಚ್ಚಲಿಲ್ಲ. "ಹೇಳೇ, ಮಾರಾಯ್ತಿ!" ಎಂದು ಕನ್ನಡದಲ್ಲೇ ಕೂಗಿದೆ.

"ಒಂಬತ್ತು" ಅಂದಳು.

ಆಮೇಲೆ ಎಲ್ಲವೂ ಓಟ. ನಾನು ಹಾಕಿದ್ದ ಗುಂಡಿಗಳನ್ನು ಅವರು ಬಿಚ್ಚಿದರು. ಸ್ಟ್ರೆಚರು, ಡ್ರಿಪ್ಪು, ಇಬ್ಬರು ಡಾಕ್ಟರು. ಅಪೆಂಡಿಕ್ಸ್ ಒಡೆದಿತ್ತು. ಒಡೆದಾಗ ಕೆಲವೊಮ್ಮೆ ನೋವು ನಿಂತಂತಾಗುತ್ತದಂತೆ, ಕೊಂಚ ಹೊತ್ತು ಮಾತ್ರ. ಅಪಾಯ ಶುರುವಾಗುವುದೇ ಆಗ. ಆಪರೇಶನ್ನಿಗೆ ಯಾರು ಸಹಿ ಹಾಕಬೇಕು, ಅವಳ ಅಪ್ಪ ಹುಬ್ಬಳ್ಳಿಯಲ್ಲಿದ್ದಾರೆ ಎಂದು ನಾನು ಒದ್ದಾಡುತ್ತಿದ್ದರೆ, ಅವರು ಪೆನ್ನನ್ನು ಅವಳ ಕೈಗೇ ಕೊಟ್ಟರು. ಆಪರೇಶನ್ ಮುಗಿದ ಮೇಲೆ ಹೊರಬಂದ ಸರ್ಜನ್, "ಮನೆಗೆ ಹೋಗಿದ್ದರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಆ ವಾಕ್ಯವನ್ನು ದಿನಕ್ಕೆ ಹತ್ತು ಸಲ ನಾನೇ ಮುಗಿಸುತ್ತಿದ್ದೇನೆ.

ಎರಡನೆಯ ದಿನ ಅವಳು ಹಾಸಿಗೆಯಲ್ಲಿ ಎದ್ದು ಕೂತಾಗ ಕೇಳಿದೆ: "ಯಾಕೆ ನಾಲ್ಕು ಅಂದೆ?"

"ಅಷ್ಟು ಮಂದಿ ಕುಂತಿದ್ರಲ್ರೀ. ಅವರ ಮುಂದ ನಂದೇನ್ ದೊಡ್ಡದು ಅನಸ್ತು. ಮ್ಯಾಲ, ಹತ್ತಕ್ಕ ಹತ್ತು ನಮ್ಮ ಕಾಲೇಜಿನ್ಯಾಗ ಯಾರಿಗೂ ಕೊಟ್ಟಿಲ್ಲ!"

ನಕ್ಕರೆ ಹೊಲಿಗೆ ನೋಯುತ್ತದೆ ಎನ್ನುತ್ತಲೇ ನಕ್ಕೂ ನಕ್ಕೂ ಅತ್ತಳು.

ಈ ದೇಶದ ವೈದ್ಯಕೀಯ ವ್ಯವಸ್ಥೆಯನ್ನು ಮೂರು ವರ್ಷ ಬೈದಿದ್ದೇನೆ. ಕಾಯಿಸುತ್ತಾರೆ, ಎಲ್ಲದಕ್ಕೂ ಫಾರಂ, ಎಲ್ಲದಕ್ಕೂ ಪ್ಯಾರಾಸಿಟಮಾಲ್. ಕಾಯಿಸುವುದು ನಿಜವೇ. ಆದರೆ ಆ ವಾರ್ಡಿನಲ್ಲಿ ಕೂತು ನೋಡಿದೆ. ಗಳಿಗೆಗೊಮ್ಮೆ ಒಬ್ಬರು ಬಂದು ಇಪ್ಪತ್ಮೂರರ ಹುಡುಗಿಯನ್ನು ಕೇಳುತ್ತಾರೆ, ನಿನಗೆ ಎಷ್ಟು ನೋವಿದೆ? ಅವಳು ಹೇಳಿದ್ದನ್ನು ನಂಬುತ್ತಾರೆ. ಅದರಲ್ಲಿ ಕಳೆಯುವುದಿಲ್ಲ, ಕೂಡುವುದಿಲ್ಲ. ಹೀಗೆ ನಂಬಿಸಿಕೊಳ್ಳುವುದು ನಮಗೆ ಅಭ್ಯಾಸವಿರಲಿಲ್ಲ. ಕಲಿಯುತ್ತಿದ್ದೇವೆ.

ಮೊನ್ನೆ ಮನೆಗೆ ಬಂದವಳೇ ಅಮ್ಮನಿಗೆ ಫೋನ್ ಮಾಡಿದಳು. ಮಾತು ಉರ್ದುವಿನಲ್ಲಿ, ನನಗೆ ಅರ್ಧಂಬರ್ಧ ತಿಳಿಯಿತು. "ಆರಾಮಿದ್ದೀನಿ" ಎನ್ನುತ್ತಾಳೆ ಅಂದುಕೊಂಡರೆ, ನೋವಿದೆ, ಬಹಳ ಹೆದರಿದ್ದೆ ಎಂದಳು. ಆಮೇಲೆ ತುಂಬಾ ಹೊತ್ತು ಅಮ್ಮನ ಮಾತು ಕೇಳಿಸಿಕೊಳ್ಳುತ್ತ ಕೂತಳು.

"ಅಮ್ಮಿಗೆ ಮೊಣಕಾಲು ಎರಡು ವರ್ಷದಿಂದ ನೋಯ್ತದಂತ್ರೀ ಅಕ್ಕಾ. ನಮಾಜಿಗೆ ಕುಂತ್ರ ಏಳಾಕ ಬರಂಗಿಲ್ಲಂತ" ಅಂದಳು, ಫೋನ್ ಇಟ್ಟು. "ಯಾಕ ಹೇಳಿಲ್ಲ ಅಂದೆ. ನೀವ್ಯಾರೂ ಕೇಳಿಲ್ಲಲ್ಲ ಅಂದ್ಲು."

ನಿಮ್ಮ ಮನೆಯಲ್ಲಿ ಯಾರನ್ನು ಕೇಳದೆ ಎಷ್ಟು ವರ್ಷವಾಯಿತು?