ಕೆಂಪು ಬಟ್ಟೆ ಕಟ್ಟಿದ ಕುಂಬಳಕಾಯಿ

ಕೃಷಿ ಪ್ರದರ್ಶನಗಳ ಇತಿಹಾಸವನ್ನು ಯಾರಾದರೂ ಬರೆದರೆ ಬಹುಮಾನ ಗೆದ್ದ ಹೋರಿಗಳಿಗೂ ಭಾಷಣ ಮಾಡಿದ ಅತಿಥಿಗಳಿಗೂ ಅದರಲ್ಲಿ ಧಾರಾಳವಾಗಿ ಜಾಗ ಸಿಕ್ಕೀತು. ಹೋರಿ ಸಾಕಿದವನಿಗೂ ಅದನ್ನು ನೋಡಲು ಬಂದ ಪೇಟೆಯವರಿಗೂ ನಡುವೆ ಮಾತು ಹುಟ್ಟಿಸಿದವರಿಗೆ ಸಿಗುವುದು ಅನುಮಾನ. ಆ ಕೊರತೆಯನ್ನು ಒಂದಿಷ್ಟಾದರೂ ತುಂಬಲೆಂದು ಈ ಲೇಖನ. ಮೂವತ್ತನಾಲ್ಕು ವರ್ಷ ನಮ್ಮ ವಾರ್ಷಿಕ ಪ್ರದರ್ಶನಕ್ಕಾಗಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಮಾನ್ಯ ಕಾರ್ಯದರ್ಶಿಗಳನ್ನು ಹಳ್ಳಿಯವರೆಲ್ಲ ‘ಸ್ಟೂಲು ಸಾಹೇಬ್ರು’ ಎನ್ನುತ್ತಾರೆ. ಈ ಅಡ್ಡಹೆಸರನ್ನು ಅಚ್ಚು ಹಾಕಬಾರದೆಂದು ಅವರು ಸಂಪಾದಕರನ್ನು ಕೇಳಿಕೊಂಡಿದ್ದರಂತೆ. ಕ್ಷಮೆಯಿರಲಿ, ಹಾಕಿಯಾಯಿತು.

ಅವರು ಗುಮಾಸ್ತರಾಗಿ ಸೇರಿದಾಗ ಕಚೇರಿಯೆಂದರೆ ತೂಕದ ಯಂತ್ರದ ಪಕ್ಕದ ಒಂದು ತಗಡಿನ ಕೋಣೆ, ಒಂದು ಕಾಲು ಗಿಡ್ಡವಾದ ಮೇಜು, ರಟ್ಟಿನ ಪೆಟ್ಟಿಗೆ ತುಂಬ ಹೆಸರಿನ ಚೀಟಿಗಳು. ಆಗ ತರಕಾರಿಗಳ ಮುಂದೆ ಹಗ್ಗ ಕಟ್ಟಿರುತ್ತಿತ್ತು. ಪೇಟೆಯವರು ಹಗ್ಗದ ಈಚೆ ನಿಂತು “ಅಬ್ಬಾ, ಎಷ್ಟು ದಪ್ಪ!” ಎಂದು ಮುಂದೆ ಹೋಗುವರು, ಬೆಳೆದವರು ಕಟ್ಟಡದ ಹಿಂದೆ ನೆರಳಿನಲ್ಲಿ ಕೂತು ಚಹಾ ಕುಡಿಯುವರು. ಕಡಲೆಕಾಯಿ ಗಿಡದ ಮೇಲೆ ಬಿಡುತ್ತದೋ ಕೆಳಗೋ ಎಂದು ಯಾರಾದರೂ ಕೇಳಿದರೆ ಉತ್ತರಿಸಲು ಅಲ್ಲಿ ನರಪಿಳ್ಳೆಯೂ ಇರುತ್ತಿರಲಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ವಾಪಸು ಬೇಕಾದ ಕಾಯಿಯ ತೊಟ್ಟಿಗೆ ಬೆಳೆದವರು ಕೆಂಪು ಬಟ್ಟೆ ಕಟ್ಟಬೇಕು. ಬಟ್ಟೆಯಿಲ್ಲದ್ದನ್ನೆಲ್ಲ ಕೊನೆಯ ದಿನ ಮಧ್ಯಾಹ್ನ ಪ್ರದರ್ಶನದ ಅಡುಗೆಯಾಕೆ ಹೋಳು ಮಾಡಿ ನೋಡಲು ಬಂದವರಿಗೆ ಹಂಚಿಬಿಡುವುದು. ಅವರ ಸೇವೆಯ ಎರಡನೇ ವರ್ಷ ಒಬ್ಬ ರೈತ ಮಹಿಳೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಂದು ಕುಂಬಳಕಾಯಿ ತಂದರು. ಬೂದಿ ಬಣ್ಣದ ಮೈ, ಹನ್ನೆರಡು ಗೀರು. ಮೊದಲ ಬಹುಮಾನ ಬಂತು. ಪತ್ರಿಕೆಯ ಛಾಯಾಗ್ರಾಹಕ ಬಂದವನು, “ಆ ಚಿಂದಿ ತೆಗೀರಿ ಸಾರ್, ಫೋಟೋ ಕೆಡುತ್ತೆ” ಎಂದ. ನಮ್ಮ ಗುಮಾಸ್ತರು ಬಿಚ್ಚಿ ಜೇಬಿಗಿಟ್ಟುಕೊಂಡರು. ಮರೆತೇಬಿಟ್ಟರು.

ಕೊನೆಯ ದಿನ ಸಂಜೆ ಆಕೆ ಬಂದು ನೋಡಿದರೆ ಮೇಜು ಖಾಲಿ.

“ನನ್ನ ಕಾಯಿ ಎಲ್ಲಿ?”

“ಬಟ್ಟೆ ಇರ್ಲಿಲ್ವಲ್ಲಮ್ಮ, ಹೋಳು ಮಾಡಿ ಹಂಚಿಬಿಟ್ಟೆ,” ಎಂದಳು ಅಡುಗೆಯಾಕೆ.

“ಕಟ್ಟಿದ್ದೆ ಕಣ್ರೀ, ಕೈಯಾರೆ ಕಟ್ಟಿದ್ದೆ! ನಮ್ಮತ್ತೆ ಕೊಟ್ಟ ತಳಿ ಅದು. ಈ ವರ್ಷ ಉಳಿದದ್ದೇ ಅದೊಂದು. ಬೀಜಕ್ಕೆ ಅಂತ ಇಟ್ಟಿದ್ದೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ನಮ್ಮವರು ಮುಟ್ಟಿಕೊಂಡದ್ದು ಜೇಬನ್ನು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಬಟ್ಟೆಯನ್ನು ಹೊರತೆಗೆದು, “ಬಿಚ್ಚಿದ್ದು ನಾನೇ ಅಮ್ಮ” ಎಂದರು.

ಆಕೆ ಬೈಯಲಿಲ್ಲ. “ಬೀಜದ ಕಾಯಿನ ಯಾರಾದ್ರೂ ಪೇಟೆಗೆ ಒಯ್ತಾರಾ ಅಂತ ನಮ್ಮನೆಯವರು ಬೈದಿದ್ರು. ಪೇಟೆಯವರೂ ಒಂದ್ಸಲ ನೋಡ್ಲಿ ಅಂತ ತಂದೆ” ಎಂದಷ್ಟೇ ಹೇಳಿ ಬಸ್ಸಿಗೆ ಹೊರಟರು. ಬೈದಿದ್ದರೇ ಚೆನ್ನಾಗಿತ್ತು ಎಂದು ಕಾರ್ಯದರ್ಶಿಗಳು ಇವತ್ತಿಗೂ ಹೇಳುವುದುಂಟು.

ಹಂಚಿದ್ದು ಹದಿನೆಂಟು ಹೋಳು, ಬೀಜ ತಿರುಳು ಸಮೇತ. ಒಯ್ದವರಲ್ಲಿ ಆರು ಜನ ಅಡುಗೆಯಾಕೆಗೆ ನೆನಪಿದ್ದರು. ಆ ಆರು ಮನೆಗಳಿಗೆ ನಮ್ಮವರು ಸೈಕಲ್ ತುಳಿದರು. ದರ್ಜಿ ಆಗಲೇ ಬೀಜ ಎಸೆದಾಗಿತ್ತು. ಇಬ್ಬರೂ ಸೇರಿ ಕಸದ ಡಬ್ಬಿ ಕೆದಕಿದರೂ ಸಿಕ್ಕಿದ್ದು ಬರೀ ದಾರದ ಚೂರು. ಶಾಲಾ ಶಿಕ್ಷಕಿಯ ತಾಯಿ ಮಾತ್ರ ಹನ್ನೊಂದು ಬೀಜ ತೊಳೆದು ಕಿಟಕಿಯಲ್ಲಿ ಒಣಹಾಕಿದ್ದರು, ಕೇಳಿದೊಡನೆ ಕೊಟ್ಟರು. ಆಸ್ಪತ್ರೆಯ ನರ್ಸ್ ಒಬ್ಬರು ಹಳೆಯ ಬಣ್ಣದ ಡಬ್ಬಿಯಲ್ಲಿ ನಾಲ್ಕು ಬೀಜ ಊರಿಬಿಟ್ಟಿದ್ದರು. “ಮೊಳಕೆ ಬರುತ್ತೆ ಅಂತ ಮಕ್ಕಳು ಕಾಯ್ತಾ ಕೂತಿವೆ, ಕಿತ್ತು ಕೊಡಲ್ಲ” ಎಂದು ಖಡಾಖಂಡಿತವಾಗಿ ಹೇಳಿದರು. ಕಾಯಿ ಬಿಟ್ಟರೆ ಪ್ರದರ್ಶನಕ್ಕೆ ತರಬೇಕೆಂದು ಮಾತು ತೆಗೆದುಕೊಂಡು ಇವರು ಹಿಂತಿರುಗಿದರು. ಮರುದಿನ ಆಕೆಯ ಹಳ್ಳಿಗೆ ಹೋಗಿ ಹನ್ನೊಂದು ಬೀಜ ಒಪ್ಪಿಸಿದಾಗ ಆಕೆ ಅವನ್ನು ಅದೇ ಕೆಂಪು ಬಟ್ಟೆಯಲ್ಲಿ ಕಟ್ಟಿ, “ಹುಟ್ಟಿದ್ರೆ ನೋಡೋಣ” ಎಂದರು. ಒಂದು ಲೋಟ ನೀರು ಬೇಕೇ ಎಂದೂ ಕೇಳಲಿಲ್ಲ.

ಹುಟ್ಟಿತು. ಮುಂದಿನ ವರ್ಷ ಆಕೆ ಕಾಯಿ ಹಿಡಿದು ಬಂದರು. ನರ್ಸಮ್ಮನೂ ಮಹಡಿಯ ಮೇಲೆ ಬೆಳೆದ ಮುಷ್ಟಿಗಾತ್ರದ್ದೊಂದನ್ನು ಹಿಡಿದು ಬಂದರು. “ಇದೇನ್ರೀ, ನಿಂಬೆಹಣ್ಣಾ?” ಎಂದು ಆಕೆ ನಕ್ಕು, ಕೂರಲು ಸ್ಟೂಲು ಕೇಳಿ, “ನಿಮ್ಮ ಮಹಡಿಗೆ ಜೇನು ಬರಲ್ಲ. ಗಂಡು ಹೂವಿನ ಪುಡಿನ ನೀವೇ ಹೆಣ್ಣು ಹೂವಿಗೆ ಮುಟ್ಟಿಸ್ಬೇಕು” ಎಂದು ಪಾಠ ಶುರುಮಾಡಿದರು. ನರ್ಸಮ್ಮನಿಗೂ ಒಂದು ಸ್ಟೂಲು ಬಂತು. ಎರಡು ತಾಸು ಮಾತು ನಡೆಯಿತು, ಸುತ್ತ ಜನ ನೆರೆಯಿತು. ಅದಾದ ಮೇಲಿನ ವರ್ಷ ಹಗ್ಗಗಳು ಮಾಯವಾಗಿ ಪ್ರತಿ ಮೇಜಿನ ಬಳಿ ಎರಡೆರಡು ಸ್ಟೂಲು ಬಂದವು: ಒಂದು ಬೆಳೆದವರಿಗೆ, ಒಂದು ತಿನ್ನುವವರಿಗೆ. ನಾಚಿಕೆ ಸ್ವಭಾವದ ಜೇನು ಸಾಕಣೆಗಾರನೊಬ್ಬನ ಎದುರಿನ ಸ್ಟೂಲು ಖಾಲಿಯಿದ್ದಾಗ ಇವರೇ ಅರ್ಧ ದಿನ ಅಲ್ಲಿ ಕೂತು, ಜೇನಿಗೆ ನಿದ್ದೆ ಬರುತ್ತದೆಯೇ ಎಂಬಂಥ ಪ್ರಶ್ನೆ ಕೇಳಿ ಜನ ಸೇರಿಸಿದ್ದನ್ನು ನಾವು ಕಂಡಿದ್ದೇವೆ.

ಎಲ್ಲರನ್ನೂ ಮಾತಿಗೆ ಕೂರಿಸಿದ ಇವರಿಗೆ ಆಕೆಯಿಂದ ಬೇಕಿದ್ದದ್ದು ‘ಹೋಗ್ಲಿ ಬಿಡಿ’ ಎಂಬ ಒಂದೇ ಮಾತು. ಅದು ಬರಲಿಲ್ಲ. ಪ್ರತಿ ವರ್ಷ ಆಕೆ ಬಟ್ಟೆಗೆ ಮೂರು ಗಂಟು ಹಾಕಿ, “ಸಾಹೇಬ್ರೆ, ಜೇಬು ತೋರ್ಸಿ” ಎನ್ನುವರು. ಇವರು ಎರಡೂ ಜೇಬು ಹೊರಗೆಳೆದು ತೋರಿಸುವರು. ನಾವೆಲ್ಲ ನಗುತ್ತಿದ್ದೆವು, ಇವರೂ ನಗುತ್ತಿದ್ದರು. ಆಮೇಲೆ ತಗಡಿನ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಒಬ್ಬರೇ ಕೂರುತ್ತಿದ್ದರು.

ಈ ವರ್ಷ ಆಕೆ ಮಗಳ ಕೈ ಹಿಡಿದು ಬಂದರು. ಕಾರ್ಯದರ್ಶಿಗಳು ಕೇಳುವ ಮೊದಲೇ ಜೇಬು ಹೊರಗೆಳೆದರು. ಆಕೆ ಅತ್ತ ನೋಡದೆ ತೊಟ್ಟಿನ ಬಟ್ಟೆಯನ್ನು ತಾವೇ ಬಿಚ್ಚಿ, ಚೀಲದಿಂದ ಚಾಕು ತೆಗೆದು ಇವರ ಕೈಗಿತ್ತರು.

“ಈ ಸಲ ನೀವೇ ಕೊಯ್ಯಿರಿ.”

“ಬೀಜದ ಕಾಯಿ ಅಲ್ವಾ ಅಮ್ಮ?”

“ಹೌದು. ಹೋದ ವರ್ಷದ ಪ್ರದರ್ಶನ ಆದ್ಮೇಲೆ ನಮ್ಮ ಮನೇಲಿದ್ದ ಕಾಯೆಲ್ಲ ಕೊಳೆತು ಒಂದು ಬೀಜಾನೂ ಉಳೀಲಿಲ್ಲ. ಇದು ಮಹಡಿ ಮೇಲೆ ವರ್ಷಾ ವರ್ಷಾ ಬೆಳ್ಕೊಂಡು ಬಂದ ನರ್ಸಮ್ಮ ಕೊಟ್ಟ ಬೀಜದ್ದು. ಅವತ್ತು ನೀವು ಬಟ್ಟೆ ಬಿಚ್ದೇ ಇದ್ದಿದ್ರೆ ಇವತ್ತು ನಮ್ಮತ್ತೆ ತಳಿ ಎಲ್ಲಿರ್ತಿತ್ತು ಹೇಳಿ?”

ಸಾವಿರ ಜನರ ಮುಂದೆ ತಡವರಿಸದ ನಮ್ಮ ಕಾರ್ಯದರ್ಶಿಗಳ ಕಣ್ಣು ತುಂಬಿ ಚಾಕು ಓರೆಯಾಯಿತು. “ಹೋಳು ಮಾಡೋಕೂ ಬರಲ್ವಲ್ರೀ ನಿಮಗೆ!” ಎಂದು ಗದರಿ ಆಕೆ ಹನ್ನೊಂದು ಬೀಜ ಎಣಿಸಿ, ಕೆಂಪು ಬಟ್ಟೆಯಲ್ಲಿ ಕಟ್ಟಿ, ಹೊರಗೆ ಜೋತಾಡುತ್ತಿದ್ದ ಅವರ ಜೇಬನ್ನು ಒಳಕ್ಕೆ ತಳ್ಳಿ ಅದರಲ್ಲಿಟ್ಟರು.

ಮಾನ್ಯರು ನೂರು ಕಾಲ ಬಾಳಲಿ, ಅವರ ಮಹಡಿಯ ಮೇಲೆ ಬಳ್ಳಿ ಹಬ್ಬಲಿ. ಮುಂದಿನ ಪ್ರದರ್ಶನದ ಮೊದಲ ಅರ್ಜಿಯಲ್ಲಿ ‘ಬೆಳೆದವರು’ ಎಂಬಲ್ಲಿ ಅವರ ಹೆಸರನ್ನು ಈಗಾಗಲೇ ಬರೆದಿಟ್ಟಿದ್ದೇವೆ. ಕಾಯಿ ನಿಂಬೆಹಣ್ಣಿನಷ್ಟೇ ಇದ್ದರೂ ಸರಿ, ತರಲಿ; ಎದುರಿನ ಸ್ಟೂಲಿನಲ್ಲಿ ಯಾರು ಕೂರಬೇಕೆಂದು ಆಕೆ ಆಗಲೇ ಹೇಳಿ ಹೋಗಿದ್ದಾರೆ: “ನಾನೇ.”